ಯಜಮಾನಿಯ ಬಲಗಡೆ

ಜೂನ್ 3, ಸೋಮವಾರ

ಮೂವತ್ತೊಂದು ವರ್ಷ ವಾರ್ಡಿನಲ್ಲಿ ಪಾಳಿ ಮುಗಿಯುವಾಗ ವರದಿ ಬರೆದಿಟ್ಟ ಕೈ ಇದು. ನಿವೃತ್ತಿಯಾಗಿ ಏಳು ತಿಂಗಳಾದರೂ ಸಂಜೆಯಾದರೆ ಬೆರಳು ಪೆನ್ನು ಹುಡುಕುತ್ತದೆ. ವರದಿ ಯಾರಿಗೆ ಒಪ್ಪಿಸಬೇಕು ಎಂದರೆ ಯಾರೂ ಇಲ್ಲ. ನನಗೆ ನಾನೇ ಒಪ್ಪಿಸಿಕೊಳ್ಳುತ್ತೇನೆ, ಯಾರಿಗೇನು ನಷ್ಟ?

ಇವತ್ತು ಅಮ್ಮ ನನ್ನನ್ನು ಮನೆಯಿಂದ ಓಡಿಸಿದಳು. ಎಂಬತ್ತಮೂರು ವರ್ಷ, ಕೈಯಲ್ಲಿ ಊರುಗೋಲು, ಬಾಯಿಗೆ ಮಾತ್ರ ಇನ್ನೂ ಹರೆಯ. "ಲೇ, ನಿವೃತ್ತಿ ಆಗಿರೋದು ನಿನಗೆ, ಅದಕ್ಕೆ ನಾನ್ಯಾಕೆ ಪೇಶೆಂಟ್ ಆಗ್ಬೇಕು? ಎದ್ರೆ ಬಿ.ಪಿ. ನೋಡ್ತೀಯ, ಬಚ್ಚಲಿಗೆ ಹೋದ್ರೆ ಬಾಗಿಲಲ್ಲಿ ಕಾವಲು ನಿಂತ್ಕೋತೀಯ. ಎಲ್ಲಾದ್ರೂ ಹೋಗೇ, ಸ್ವಲ್ಪ ಉಸಿರಾಡ್ತೀನಿ" ಎಂದು ನನ್ನ ಕೈಗೆ ಒಂದು ಚೀಟಿ ತುರುಕಿದಳು. ವಿಕಲಚೇತನ ಮಕ್ಕಳ ಕೇಂದ್ರ, ವಾರಕ್ಕೆರಡು ಬೆಳಗ್ಗೆ, ಕುದುರೆ ಚಿಕಿತ್ಸೆಗೆ ಸ್ವಯಂಸೇವಕರು ಬೇಕಾಗಿದ್ದಾರೆ. ಕುದುರೆ ಎಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಅದನ್ನು ಅಮ್ಮನಿಗೆ ಹೇಳುವುದುಂಟೇ? ಹೋದೆ.

ಗ್ಯಾರೇಜುಗಳ ಸಾಲು ದಾಟಿದರೆ ಒಂದು ತಗಡಿನ ಲಾಯ, ಸುತ್ತ ಕಂಬಿ ಹಾಕಿದ ಮರಳಿನ ಅಂಗಳ, ಗಾಲಿಕುರ್ಚಿ ಏರಿಸಲು ಇಳಿಜಾರಿನ ಕಟ್ಟೆ. ಇರುವುದು ಒಂದೇ ಕುದುರೆ. ಹೆಣ್ಣು. ಇಪ್ಪತ್ತೆರಡು ವರ್ಷ ವಯಸ್ಸಂತೆ, ಅದಕ್ಕೇ ಎಲ್ಲರೂ ಅಜ್ಜಿ ಎಂದು ಕರೆಯುತ್ತಾರೆ. ಅದರ ಹಗ್ಗ ಹಿಡಿಯುವ ಲಾಯದವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಹೆದರ್ಬೇಡಿ ಸಿಸ್ಟರ್, ನಮ್ಮಜ್ಜಿ ಕಚ್ಚಲ್ಲ, ಗೊಣಗ್ತಾಳೆ ಅಷ್ಟೆ" ಎಂದ. ಮನೆಯಲ್ಲೂ ಅಂಥದೇ ಒಬ್ಬಳಿದ್ದಾಳೆ ಎಂದೆ.

ಉಸ್ತುವಾರಿ ಒಬ್ಬಳು ಫಿಸಿಯೋ ಹುಡುಗಿಯದು. ಮೂವತ್ತೂ ಆಗಿರಲಾರದು. ನನ್ನನ್ನು ಬಾಯಿ ತುಂಬ ಆಂಟಿ ಎಂದಳು. ನನ್ನ ಕೈಕೆಳಗೆ ಇಂಥವರು ನಲವತ್ತು ಜನ ಇದ್ದರು, ಯಾರಿಗೂ ಆಂಟಿ ಎನ್ನುವ ಧೈರ್ಯ ಬಂದಿರಲಿಲ್ಲ.

ಜೂನ್ 6, ಗುರುವಾರ

ಕೆಲಸ ಕಲಿತೆ. ಕುದುರೆಯ ಬೆನ್ನಿಗೆ ಕಟ್ಟಿದ ಗಾದಿಯ ಮೇಲೆ ಮಗು ಅದರ ಹಿಡಿಕೆ ಹಿಡಿದು ಕೂರುತ್ತದೆ. ಮುಂದೆ ಲಾಯದವನು, ಎರಡೂ ಪಕ್ಕಕ್ಕೆ ಒಬ್ಬೊಬ್ಬರು ಮಗುವಿನ ತೊಡೆಯ ಮೇಲೆ ಕೈಯಿಟ್ಟು ಜೊತೆಯಲ್ಲೇ ನಡೆಯಬೇಕು. ಎಡಗಡೆ ಕಾಲೇಜು ಹುಡುಗಿ, ಬಲಗಡೆ ನಾನು. ಕುದುರೆ ನಡೆದಾಗ ಅದರ ಬೆನ್ನು ಆಡುವ ರೀತಿಯೂ ನಾವು ನಡೆವಾಗ ಸೊಂಟ ಆಡುವ ರೀತಿಯೂ ಒಂದೇ ಅಂತೆ. ಎಂದೂ ನಡೆಯದ ಮಗುವಿನ ಬೆನ್ನಿಗೆ ನಡಿಗೆ ಎಂದರೆ ಏನೆಂದು ಕುದುರೆ ಹೇಳಿಕೊಡುತ್ತದೆ. ಮೊದಲು ನಂಬಲಿಲ್ಲ. ಆಮೇಲೆ ಕಣ್ಣಾರೆ ನೋಡಿದೆ: ಗಾಲಿಕುರ್ಚಿಯಲ್ಲಿ ಮೂಟೆಯಂತೆ ಕುಸಿದಿದ್ದ ಮಗು ಎರಡು ಸುತ್ತಾದ ಮೇಲೆ ಕತ್ತೆತ್ತಿ ಆಚೀಚೆ ನೋಡಿತು.

ನನ್ನ ಪಾಲಿಗೆ ಬಂದ ಮಗುವಿಗೆ ಏಳು ವರ್ಷ. ಹುಟ್ಟುವಾಗ ಉಸಿರು ಸಿಕ್ಕಲು ತಡವಾಗಿ ಮೈ ಬಿಗಿ, ಬೆನ್ನು ನಿಲ್ಲುವುದಿಲ್ಲ. ಆಡುವುದು ಐದಾರು ಮಾತು, ಎಲ್ಲವೂ ಅಪ್ಪಣೆಯೇ. "ನಡಿ." "ಬೇಡ." "ಮತ್ತೆ." ಲಾಯದವನು ಇಟ್ಟ ಹೆಸರು ಯಜಮಾನಿ. ನನಗೆ ಅವಳು ಇಟ್ಟ ಹೆಸರು "ಏಯ್".

ಜೂನ್ 27, ಗುರುವಾರ

ಯಜಮಾನಿಯ ಅಪ್ಪ ಬೀಗ ರಿಪೇರಿ ಮಾಡುವವರು. ಸೊಂಟಕ್ಕೆ ನೇತುಹಾಕಿದ ಕೀಲಿಕೈಗಳ ಸದ್ದಿನಿಂದಲೇ ಬಂದದ್ದು ಗೊತ್ತಾಗುತ್ತದೆ. ಮಗಳನ್ನು ಎತ್ತಿ ಕಟ್ಟೆಯ ಮೇಲೆ ತಂದು ಕೂರಿಸಿ ಕಂಬಿಯ ಆಚೆ ನಿಲ್ಲುತ್ತಾರೆ. ಇವತ್ತು ನನ್ನ ಹತ್ತಿರ ಬಂದು, "ನೀವು ಹಿಡ್ಕೊಂಡ್ರೆ ನನಗೆ ನಿಶ್ಚಿಂತೆ ಸಿಸ್ಟರ್. ಆ ಕಡೆಯವಳು ಇನ್ನೂ ಎಳೆ ಹುಡುಗಿ, ಹೂವು ಮುಟ್ಟಿದ ಹಾಗೆ ಮುಟ್ತಾಳೆ. ನಿಮ್ಮದು ಹಿಡಿತ ಅಂದ್ರೆ ಹಿಡಿತ" ಎಂದರು. ಒಳಗೊಳಗೇ ಬೀಗಿದೆ. ಒಂದು ಕೈ ತೊಡೆಗೆ, ಇನ್ನೊಂದು ಸೊಂಟಕ್ಕೆ. ಭೂಕಂಪವಾದರೂ ನನ್ನ ಕಡೆಯಿಂದ ಬೀಳಲಾರಳು.

ಜುಲೈ 8, ಸೋಮವಾರ

ಕೆಟ್ಟ ಸುದ್ದಿ. ಇಲ್ಲಿ ಮೂರು ತಿಂಗಳಿಗೊಮ್ಮೆ ಪರೀಕ್ಷೆಯಂತೆ. ಪ್ರತಿ ಮಗುವಿಗೂ ಒಂದು ಗುರಿ. ಯಜಮಾನಿಯ ಗುರಿ: ಕುದುರೆ ನಡೆಯುತ್ತಿರುವಾಗ ಯಾರೂ ಮುಟ್ಟದೆ ಇಪ್ಪತ್ತು ಹೆಜ್ಜೆ ಕೂರುವುದು. ಇವತ್ತು ಫಿಸಿಯೋ ಸುಮ್ಮನೆ ನೋಡೋಣವೆಂದು ನಮ್ಮ ಕೈ ತೆಗೆಸಿದಳು. ಎರಡು ಹೆಜ್ಜೆ. ಮೂರನೆಯದಕ್ಕೆ ಬಲಕ್ಕೆ ಕುಸಿದಳು, ನಾನು ಹಿಡಿದೆ. ಫಿಸಿಯೋ ಹಾಳೆಯಲ್ಲಿ "ಬಲಕ್ಕೆ ವಾಲುತ್ತಾಳೆ, ಪ್ರಗತಿ ಇಲ್ಲ" ಎಂದು ಬರೆದಳು.

"ಆಗಸ್ಟ್ ಕೊನೇಲೂ ಹೀಗೇ ಇದ್ರೆ ಅವಳ ಜಾಗ ಬೇರೆ ಮಗುಗೆ ಕೊಡ್ಬೇಕಾಗುತ್ತೆ ಆಂಟಿ. ಹನ್ನೊಂದು ಮಕ್ಕಳು ಕಾಯ್ತಿದ್ದಾರೆ. ಅಜ್ಜಿ ದಿನಕ್ಕೆ ನಾಲ್ಕು ಮಕ್ಕಳಿಗಿಂತ ಹೆಚ್ಚು ಹೊರಬಾರ್ದು ಅಂತ ಪಶುವೈದ್ಯರು ಹೇಳಿದ್ದಾರೆ."

"ಮಗುಗೆ ಆಗ್ದೇ ಇದ್ರೆ ಅದು ಮಗು ತಪ್ಪಾ?" ಎಂದು ರೇಗಿದೆ. ಅವಳ ಕಣ್ಣು ತುಂಬಿತು. ಅವಳೇನು ಮಾಡಿಯಾಳು ಪಾಪ.

ಜುಲೈ 14, ಭಾನುವಾರ

ಅಮ್ಮನ ಜೊತೆ ಜಗಳ. ಬಚ್ಚಲಿನಿಂದ ಬರುವಾಗ ಮೊಣಕೈ ಹಿಡಿದದ್ದಕ್ಕೆ ಊರುಗೋಲಿನಿಂದ ನನ್ನ ಕಾಲಿಗೆ ಕುಟ್ಟಿದಳು. "ನೀನು ಹಿಡ್ಕೊಂಡ್ರೆ ನನಗೆ ನನ್ನ ಕಾಲು ಎಲ್ಲಿದೆ ಅಂತಾನೇ ಗೊತ್ತಾಗಲ್ಲ ಕಣೇ!" ನಾನೂ ಬಿಡಲಿಲ್ಲ. ಬಿದ್ದರೆ ಸೊಂಟ, ಸೊಂಟ ಹೋದರೆ ಹಾಸಿಗೆ, ಹಾಸಿಗೆ ಹಿಡಿದರೆ ಮುಗಿಯಿತು ಎಂದು ಪಾಠ ಒಪ್ಪಿಸಿದೆ. ಕಾಲು ಊದಿದೆ.

ಜುಲೈ 22, ಸೋಮವಾರ

ಅಜ್ಜಿ ಕುಂಟುತ್ತಿದ್ದಾಳೆ. ಬೆನ್ನಿನ ಬಲಗಡೆ ಮುಟ್ಟಿದರೆ ಚರ್ಮ ನಡುಗುತ್ತದೆ. ಪಶುವೈದ್ಯರು ಒಂದು ವಾರ ಯಾರೂ ಏರಬಾರದು ಎಂದರು. ಎಲ್ಲರೂ ವಯಸ್ಸಾಯಿತು ಎಂದುಕೊಂಡರು, ನಾನೂ.

ಹೊರಡುವಾಗ ಲಾಯದವನು ಕರೆದ. "ಸಿಸ್ಟರ್, ಒಂದು ಮಾತು. ತಪ್ಪು ತಿಳ್ಕೋಬೇಡಿ." ಗಾದಿಯ ಕೆಳಗೆ ಹಾಕುವ ಬಟ್ಟೆ ಒಂದೊಂದು ಮಗುವಿಗೂ ಬೇರೆ ಬೇರೆ. ನಾಲ್ಕನ್ನೂ ಬಿಸಿಲಿಗೆ ಹರವಿದ್ದ. ಮೂರರಲ್ಲಿ ಬೆವರಿನ ಕಲೆ ಎರಡೂ ಕಡೆ ಸಮನಾಗಿತ್ತು. ಯಜಮಾನಿಯದರಲ್ಲಿ ಬಲಗಡೆ ಮಾತ್ರ ಉಪ್ಪುಗಟ್ಟಿ, ಸವೆದು, ನೂಲು ಎದ್ದಿತ್ತು. ಎಡಗಡೆ ಹೊಸ ಬಟ್ಟೆಯ ಹಾಗಿತ್ತು.

"ಮಗು ನಿಮ್ಮ ಕೈ ಮೇಲೆ ಕೂತಿದೆ ಸಿಸ್ಟರ್, ಕುದುರೆ ಮೇಲಲ್ಲ. ಭಾರ ಒಂದೇ ಕಡೆ ಎಳೆಯೋದ್ರಿಂದ ಅಜ್ಜಿ ಅದರ ಕೆಳಗೆ ಸರಿದೂ ಸರಿದೂ ಬೆನ್ನು ನೋಯಿಸ್ಕೊಂಡಿದ್ದಾಳೆ."

ಮೈಯೆಲ್ಲ ಉರಿದುಹೋಯಿತು. ಕುದುರೆ ತೊಳೆಯುವವನು ನನಗೆ ಪೇಶೆಂಟ್ ಹಿಡಿಯುವುದನ್ನು ಕಲಿಸುತ್ತಾನಾ! ಇನ್ನೂ ಏನೇನೋ ಅಂದುಬಿಟ್ಟೆ. ಅವನು ಬಟ್ಟೆ ಮಡಿಸಿಕೊಂಡು ಒಳಗೆ ಹೋದ.

ಜುಲೈ 23, ಮಂಗಳವಾರ

ಅಂದದ್ದು ತಪ್ಪು. "ಕುದುರೆ ತೊಳೆಯುವವನು" ಎಂದು ಮುಖದ ಮೇಲೇ ಅಂದೆ.

ಆಗಸ್ಟ್ 1, ಗುರುವಾರ

ಅಜ್ಜಿಗೆ ವಾಸಿಯಾಗಿದೆ. ಲಾಯದವನ ಎದುರು ನಿಂತು, "ಅಣ್ಣಾ, ಅವತ್ತು ಬಾಯಿಗೆ ಬಂದ ಹಾಗೆ ಮಾತಾಡ್ದೆ, ಹೊಟ್ಟೆಗೆ ಹಾಕ್ಕೋ" ಎಂದೆ. ಅವನಿಗೆ ನನಗಿಂತ ಹದಿನೈದು ವರ್ಷ ಕಮ್ಮಿ. ಅಣ್ಣ ಎಂದದ್ದಕ್ಕೇ ನಕ್ಕುಬಿಟ್ಟ.

ಯಾರಿಗೂ ಕಾರಣ ಹೇಳದೆ ಕಾಲೇಜು ಹುಡುಗಿಯನ್ನು ಬಲಕ್ಕೆ ಕಳಿಸಿ ನಾನು ಎಡಕ್ಕೆ ನಿಂತೆ. ಮೊದಲ ಸುತ್ತಿನಲ್ಲಿ ಯಜಮಾನಿ ಗೊಂದಲವಾಗಿ ಕತ್ತು ತಿರುಗಿಸಿ ನನ್ನನ್ನು ಹುಡುಕಿದಳು. ಎರಡನೇ ಸುತ್ತಿಗೆ ನನ್ನ ಕೈ ಎಲ್ಲಿದೆ ಎಂದು ಗೊತ್ತಾಯಿತು. ಮೂರನೇ ಸುತ್ತಿಗೆ ಎಡಕ್ಕೆ ವಾಲಿ ಹಾಯಾಗಿ ಕೂತಳು.

ಅಷ್ಟೇ. ಇನ್ನು ಬರೆಯಲಾರೆ.

ಆಗಸ್ಟ್ 4, ಭಾನುವಾರ

ಬರೆಯುತ್ತೇನೆ. ಇದನ್ನು ಎಲ್ಲಿಯೂ ಬರೆದಿಲ್ಲ.

ಏಳನೇ ಹಾಸಿಗೆಯಲ್ಲಿ ಒಬ್ಬರು ಯಜಮಾನರಿದ್ದರು, ಗಡಿಯಾರ ರಿಪೇರಿಯವರು. ಕಳೆದ ವರ್ಷ ನನ್ನ ಕೊನೆಯ ಪಾಳಿಗಳು. ಬೆಳಗ್ಗೆ ಹತ್ತೂವರೆ. ನಾನೇ ಕೈ ಹಿಡಿದು ನಡೆಸುತ್ತಿದ್ದೆ. "ಬಿಡಿ ಸಿಸ್ಟರ್, ಬಾಗಿಲ ತನಕ ನಾನೇ ಹೋಗ್ತೀನಿ, ಮೊಮ್ಮಗಳು ಬರೋ ಹೊತ್ತು, ನೋಡ್ಲಿ" ಎಂದರು. ಅವರ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ಬಿಟ್ಟೆ. ನಾಲ್ಕು ಹೆಜ್ಜೆ ಇಟ್ಟರು. ಐದನೆಯದಕ್ಕೆ ಬಿದ್ದರು. ಸೊಂಟದ ಮೂಳೆ ಮುರಿಯಿತು, ಹತ್ತೊಂಬತ್ತು ದಿನ ಬದುಕಿದ್ದರು. ವಿಚಾರಣೆಯಲ್ಲಿ ನನ್ನ ತಪ್ಪಿಲ್ಲ ಎಂದು ತೀರ್ಪಾಯಿತು. ಅವರ ಮಗ ನನ್ನ ಕೈ ಹಿಡಿದು, ನೀವೇನು ಮಾಡೋಕಾಗ್ತಿತ್ತು ಸಿಸ್ಟರ್ ಎಂದರು. ಬೈದಿದ್ದರೆ ಚೆನ್ನಾಗಿತ್ತು. ಇನ್ನೂ ಎರಡು ವರ್ಷ ಸೇವೆ ಬಾಕಿಯಿತ್ತು, ಮುಂಚೆಯೇ ನಿವೃತ್ತಿ ಬರೆದುಕೊಟ್ಟು ಬಂದೆ. ಮಂಡಿನೋವು ಎಂದು ಕಾರಣ ಕೊಟ್ಟೆ. ಅಮ್ಮನಿಗೂ ಅದನ್ನೇ ಹೇಳಿದ್ದೇನೆ.

ಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತು. ಹಿಡಿದರೆ ಏನಾಗುತ್ತದೆ ಎಂದು ಈಗ ಗೊತ್ತಾಗುತ್ತಿದೆ. ಈ ಮಗುವಿನ ಎರಡು ತಿಂಗಳು ನನ್ನಿಂದ ಹಾಳಾಯಿತು. ಜಾಗವೂ ಹೋದರೆ ಅದೂ ನನ್ನಿಂದಲೇ.

ಆಗಸ್ಟ್ 5, ಸೋಮವಾರ

ಫಿಸಿಯೋಗೆ ಎಲ್ಲ ಹೇಳಿದೆ, ಏಳನೇ ಹಾಸಿಗೆ ಒಂದನ್ನು ಬಿಟ್ಟು. ಹಾಳೆಯಲ್ಲಿ "ಪ್ರಗತಿ ಇಲ್ಲ" ಎಂದಿರುವುದು ಮಗುವಿನದಲ್ಲ, ನನ್ನದು, ನನ್ನನ್ನು ತೆಗೆದುಹಾಕು ಎಂದೆ. ಅವಳು ಹಾಳೆ ತಿರುವಿ ನೋಡಿದಳು. "ನನಗೂ ಕಾಣಬೇಕಿತ್ತು ಆಂಟಿ. ನೀವು ಅಷ್ಟು ವರ್ಷದ ಸಿಸ್ಟರ್ ಅಂತ ನಿಮ್ಮ ಕೈ ಕಡೆ ನೋಡ್ಲೇ ಇಲ್ಲ." ಪರೀಕ್ಷೆ ಮುಂದೆ ಹಾಕು ಎಂದು ಗೋಗರೆದೆ. ಕಾಯುತ್ತಿರುವ ಹನ್ನೊಂದು ಮಕ್ಕಳ ಅಪ್ಪ ಅಮ್ಮಂದಿರೂ ಇದೇ ಮಾತು ಹೇಳುತ್ತಾರೆ ಎಂದಳು. ಇಪ್ಪತ್ತೊಂಬತ್ತನೇ ತಾರೀಖು ಎಂದರೆ ಇಪ್ಪತ್ತೊಂಬತ್ತೇ. ನನ್ನ ಬದಲಿಗೆ ಯಾರೂ ಇಲ್ಲವಂತೆ, ಇದ್ದರೂ ಯಜಮಾನಿ ಒಪ್ಪುವುದಿಲ್ಲವಂತೆ. ಉಳಿದಿರುವುದು ಏಳು ತರಗತಿ.

ಕೈ ಹತ್ತಿರ ಇರಬೇಕು, ತಾಗಬಾರದು. ಬಿದ್ದರೆ ಮಾತ್ರ ಹಿಡಿಯಬೇಕು. ಹೇಳುವುದು ಸುಲಭ. ನನ್ನ ಕೈ ನನ್ನ ಮಾತು ಕೇಳುವುದಿಲ್ಲ, ನನಗೆ ತಿಳಿಯದೆಯೇ ಹೋಗಿ ಕೂತಿರುತ್ತದೆ.

ಉಪಾಯ ಹೇಳಿದವನು ಲಾಯದವನು. ಬೋರ್ಡಿನ ಸೀಮೆಸುಣ್ಣ ಪುಡಿ ಮಾಡಿ ನನ್ನ ಎರಡೂ ಅಂಗೈಗೆ ಮೆತ್ತಿದ. ಯಜಮಾನಿ ಹಾಕುವುದು ಕಪ್ಪು ಪ್ಯಾಂಟು. ಮತ್ತೆ ಬಲಗಡೆಯೇ ನಿಂತು ನಾಲ್ಕು ಸುತ್ತು ಮುಗಿಸಿ ನೋಡಿದರೆ ತೊಡೆಯಿಂದ ಬೆನ್ನಿನವರೆಗೆ ಗೋಡೆಗೆ ಸುಣ್ಣ ಬಳಿದ ಹಾಗಿತ್ತು. ನಾನು ಮುಟ್ಟೇ ಇಲ್ಲ ಎಂದು ಪ್ರಮಾಣ ಮಾಡಲು ಸಿದ್ಧಳಿದ್ದೆ! ಲಾಯದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಯಜಮಾನಿಯೂ ನಕ್ಕಳು. ಏನೆಂದು ಅರ್ಥವಾಗದೆ ನಕ್ಕಳೋ, ಅರ್ಥವಾಗಿಯೇ ನಕ್ಕಳೋ.

ಆಗಸ್ಟ್ 12, ಸೋಮವಾರ

ಒಂಬತ್ತು ಗುರುತು. ಅವಳು ಕುಳಿತದ್ದು ಆರು ಹೆಜ್ಜೆ.

ಬೀಗದವರು ಮಗಳ ಪ್ಯಾಂಟಿನ ಮೇಲಿನ ಬಿಳಿ ಕೈಗಳನ್ನು ನೋಡಿ ಏನಿದು ಎಂದು ಕೇಳಿದರು. ಹೇಳಿದೆ. ನಿಮ್ಮ ಮಗಳು ಬೀಳಬಹುದು ಎಂದೂ ಹೇಳಿದೆ. ಅವರ ಮುಖ ಸಪ್ಪಗಾಯಿತು. "ಹಿಡ್ಕೊಳ್ಳೋದು ತಪ್ಪು ಅಂದ್ರೆ, ನಾನು ಏಳು ವರ್ಷದಿಂದ ಮಾಡ್ತಿರೋದೆಲ್ಲ ತಪ್ಪಾ ಸಿಸ್ಟರ್?" ಎಂದರು. ತಪ್ಪಲ್ಲ ಎಂದೆ. ಇಬ್ಬರೂ ಕಂಬಿ ಹಿಡಿದುಕೊಂಡು ಅಜ್ಜಿಯ ಬಾಲ ನೋಡುತ್ತ ನಿಂತೆವು.

ಅಮ್ಮ ತಾನೇ ಕಾಫಿ ಮಾಡಿ ತಂದಿಟ್ಟಳು. ಅರ್ಧ ತಟ್ಟೆಗೆ ಚೆಲ್ಲಿತ್ತು, ಸಕ್ಕರೆ ಹೆಚ್ಚಾಗಿತ್ತು. ಅವಳ ಬಿ.ಪಿ. ನೋಡಿ ಎಷ್ಟು ದಿನವಾಯಿತೋ ನೆನಪಿಲ್ಲ. ನಾಳೆ ನೋಡಬೇಕು.

ಆಗಸ್ಟ್ 15, ಗುರುವಾರ

ಆರು ಗುರುತು. ಏಳು ಹೆಜ್ಜೆ.

ಆಗಸ್ಟ್ 19, ಸೋಮವಾರ

ಮೂರು ಗುರುತು. ಹನ್ನೊಂದು ಹೆಜ್ಜೆ! ಹನ್ನೆರಡನೆಯದಕ್ಕೆ ಜಾರಿದಳು. ನಾನು ಹಿಡಿದೆ, ಕೆಳಗೆ ಬೀಳಲಿಲ್ಲ, ಆದರೆ ಹೆಲ್ಮೆಟ್ಟು ನನ್ನ ಮೂಗಿಗೆ ಬಡಿದು ರಕ್ತ ಬಂತು. ಯಜಮಾನಿ ನನ್ನ ಮೂಗನ್ನು ಗಂಭೀರವಾಗಿ ಪರೀಕ್ಷಿಸಿ "ಮತ್ತೆ" ಎಂದಳು. ಮೂಗಿಗೆ ಹತ್ತಿ ತುರುಕಿಕೊಂಡು ಮತ್ತೆ ಸುತ್ತಿದೆ.

ಆಗಸ್ಟ್ 22, ಗುರುವಾರ

ಮತ್ತೆ ಹಿನ್ನಡೆ. ಐದು ಹೆಜ್ಜೆ. ಅವಳಿಗೆ ನೆಗಡಿ, ಹಟ, ಅಳು. ನನಗೂ ಅದೇ. ಇನ್ನೊಂದೇ ತರಗತಿ ಇದೆ, ಆಮೇಲೆ ಪರೀಕ್ಷೆ. ಆಗದು ಎನಿಸುತ್ತದೆ.

ಅಮ್ಮ ಮೂಲೆಯಂಗಡಿಗೆ ಬ್ರೆಡ್ಡು ತರಲು ಹೋಗಿದ್ದಾಳೆ, ಕೊಡೆ ಬಿಟ್ಟು. ಮೋಡ ಕವಿದಿದೆ. ನೆನೆದುಕೊಂಡು ಬರಲಿ, ಸರಿಯಾಗಿ ಬೈಯುತ್ತೇನೆ.

ಆಗಸ್ಟ್ 29, ಗುರುವಾರ

ಎಲ್ಲವನ್ನೂ ಸರಿಯಾಗಿ ಬರೆಯಬೇಕು.

ಹತ್ತು ಗಂಟೆಗೆ ಶುರು. ಕಟ್ಟೆಯ ಮೇಲೆ ಫಿಸಿಯೋ, ಕೈಯಲ್ಲಿ ಹಾಳೆ. ಬೀಗದವರು ಕಂಬಿಯ ಆಚೆ, ನಮಗೆ ಬೆನ್ನು ತಿರುಗಿಸಿ ನಿಂತಿದ್ದರು. ನೋಡಲಾರೆ ಎಂದರು. ಮೊದಲ ಸುತ್ತು ಪುಡಿಯಿಲ್ಲದ ಕೈ ಇಟ್ಟು ನಡೆದೆವು. ಎರಡನೇ ಸುತ್ತಿನ ಅರ್ಧದಲ್ಲಿ ಅಜ್ಜಿಯನ್ನು ನಿಲ್ಲಿಸಿ ನಾನು ಅಂಗೈಗೆ ಪುಡಿ ಮೆತ್ತಿಕೊಂಡೆ, ಕಾಲೇಜು ಹುಡುಗಿಯೂ ಮೆತ್ತಿಕೊಂಡಳು. ಫಿಸಿಯೋ "ಇನ್ನು ಮುಟ್ಟಬೇಡಿ, ನಡೀಲಿ" ಎಂದಳು.

ಒಂದು, ಎರಡು, ಮೂರು. ನನ್ನ ಕೈ ಅವಳ ತೊಡೆಯಿಂದ ಎರಡು ಬೆರಳಷ್ಟು ದೂರ. ಅವಳ ಮೈಯ ಬಿಸಿ ತಾಗುತ್ತಿತ್ತು. ಐದನೇ ಹೆಜ್ಜೆ ಬಂತು. ಐದು ದಾಟಿತು. ಎಂಟು. ಹತ್ತು.

ಹದಿಮೂರಕ್ಕೆ ಬಲಕ್ಕೆ ವಾಲತೊಡಗಿದಳು, ನನ್ನ ಕಡೆಗೇ. ನಿಧಾನವಾಗಿ, ಪೂರ್ತಿ ನಂಬಿಕೆಯಿಂದ. ನನ್ನ ಮೈಯ ಒಂದೊಂದು ನರವೂ ಹಿಡಿ, ಹಿಡಿ ಎಂದು ಕೂಗಿಕೊಂಡಿತು. ಬಾಗಿಲ ಕಡೆ ಹೊರಟ ಆ ಗಡಿಯಾರದವರ ಬೆನ್ನು ಕಣ್ಣೆದುರು ಬಂತು. ಬಿದ್ದರೆ ಹಿಡಿಯುತ್ತೇನೆ, ಬೀಳುವ ಮುಂಚೆ ಹಿಡಿಯುವುದಿಲ್ಲ ಎಂದು ಹಲ್ಲು ಕಚ್ಚಿದೆ. ಒರಗಲು ಬಂದವಳಿಗೆ ನನ್ನ ಕೈ ಸಿಗಲಿಲ್ಲ. ಕತ್ತು ಬಗ್ಗಿಸಿ ನನ್ನನ್ನು ನೋಡಿದಳು. ಹೆದರಿಕೆಯಲ್ಲ, ಸಿಟ್ಟು. "ಏಯ್!" ಎಂದು ನನ್ನನ್ನು ಗದರಿಸಿದಳು. ಗದರಿಸಲು ಉಸಿರು ಎಳೆದುಕೊಂಡಳಲ್ಲ, ಅದರ ಜೊತೆಗೇ ಬೆನ್ನು ಎದ್ದಿತು. ಅಜ್ಜಿ ಅರ್ಧ ಹೆಜ್ಜೆ ಬಲಕ್ಕೆ ಸರಿದು ಕೆಳಗಿನಿಂದ ಅವಳನ್ನು ಎತ್ತಿಕೊಂಡಳು. ಮಗು ನಡುವಿಗೆ ಬಂತು.

ಹದಿನಾಲ್ಕು. ಹದಿನೈದು. ಲಾಯದವನು ಹಿಂತಿರುಗಿ ನೋಡಲೂ ಇಲ್ಲ, ನಡಿಗೆ ನಿಧಾನಿಸಲೂ ಇಲ್ಲ. ಇಪ್ಪತ್ತು. ಫಿಸಿಯೋ ಸಾಕು ಎನ್ನುವುದನ್ನೇ ಮರೆತಳು. ಇಪ್ಪತ್ತಾರಕ್ಕೆ ಅಜ್ಜಿ ತಾನಾಗಿಯೇ ನಿಂತಳು, ಲದ್ದಿ ಹಾಕಲು.

ಬೀಗದವರು ಬೆನ್ನು ತಿರುಗಿಸಿಯೇ "ಎಷ್ಟು?" ಎಂದು ಕೂಗಿದರು. ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಅವರು ಏನೋ ಆಯಿತೆಂದು ಓಡಿ ಬಂದರು. ಮಗಳನ್ನು ಇಳಿಸಿಕೊಂಡು, ಹಾಗೆ ತಿರುಗಿಸಿ, ಹೀಗೆ ತಿರುಗಿಸಿ ಪ್ಯಾಂಟನ್ನು ಹುಡುಕಿದರು. ತೊಡೆ, ಸೊಂಟ, ಬೆನ್ನು. ಎಲ್ಲ ಕಪ್ಪು. "ಎಲ್ಲೂ ಇಲ್ಲ ಸಿಸ್ಟರ್, ಎಲ್ಲೂ ಇಲ್ಲ" ಎಂದರು, ಅಲ್ಲೇ ಮರಳಿನ ಮೇಲೆ ಕೂತು ಮಗಳ ಹೊಟ್ಟೆಗೆ ಮುಖ ಒತ್ತಿ ಅತ್ತರು. ನಾನೂ ಅತ್ತೆ. ಸೀಮೆಸುಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡದ್ದರಿಂದ ಇನ್ನೂ ಉರಿಯುತ್ತಿದೆ.

ಮನೆಗೆ ಬಂದು ಅಮ್ಮನಿಗೆ ಏಳನೇ ಹಾಸಿಗೆಯ ವಿಷಯ ಹೇಳಿದೆ. ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು. ಅವಳು ಬಹಳ ಹೊತ್ತು ನನ್ನ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಮಂಡಿನೋವು ಅಂದೆಯಲ್ಲೇ" ಎಂದಳು. ಆಮೇಲೆ, "ನಾಲ್ಕು ಹೆಜ್ಜೆ ನಡೆದ್ರಲ್ಲ ಅವರು. ಮೊಮ್ಮಗಳು ನೋಡಿದ್ಲಾ?" ಎಂದು ಕೇಳಿದಳು.

ನೋಡಿದ್ದಳು. ಅದನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ.

ಸೆಪ್ಟೆಂಬರ್ 2, ಸೋಮವಾರ

ಯಜಮಾನಿಗೆ ಇನ್ನೂ ಮೂರು ತಿಂಗಳು ಸಿಕ್ಕಿದೆ. ಹೊಸ ಗುರಿ: ಹಿಡಿಕೆಯನ್ನೂ ಬಿಟ್ಟು ಕೂರುವುದು.

ಬೆಳಗ್ಗೆ ಹೋಗಿ ಅಭ್ಯಾಸದಂತೆ ಬಲಗಡೆ ನಿಂತೆ. ಫಿಸಿಯೋ ಬಂದು, "ಆಂಟಿ, ಅವಳಿಗೆ ಇನ್ನು ಒಬ್ಬರೇ ಸಾಕು, ಎಡಗಡೆಯವಳು ನೋಡ್ಕೋತಾಳೆ. ಹತ್ತೂವರೆಗೆ ಹೊಸ ಮಗು ಬರುತ್ತೆ, ಅದಕ್ಕೆ ಕತ್ತೂ ನಿಲ್ಲಲ್ಲ. ಅದಕ್ಕೆ ನೀವೇ ಬೇಕು" ಎಂದಳು. ಒಳ್ಳೆಯ ಸುದ್ದಿಯೇ. ಆದರೂ ಯಜಮಾನಿಯ ಹೆಲ್ಮೆಟ್ಟಿನ ಪಟ್ಟಿಯನ್ನು ಇನ್ನೊಮ್ಮೆ ಸರಿಮಾಡಿದೆ. ಕಂಬಿಯ ಆಚೆ ಹೋಗಿ ಬೀಗದವರ ಪಕ್ಕದಲ್ಲಿ ನಿಂತೆ.

ಮೂರು ತಿಂಗಳಲ್ಲಿ, ಆ ಒಂದು ದಿನ ಬಿಟ್ಟರೆ, ನಾನು ಅವಳನ್ನು ಕಂಡಿದ್ದೆಲ್ಲ ಬಲಗಡೆಯಿಂದ. ಒಂದು ಮೊಣಕಾಲು, ಒಂದು ಬೂಟು, ಹೆಲ್ಮೆಟ್ಟಿನ ಪಟ್ಟಿ, ಅರ್ಧ ಕೆನ್ನೆ. ಕುದುರೆಯ ಮೇಲಿರುವಾಗ ಅವಳು ಪೂರ್ತಿ ಹೇಗೆ ಕಾಣುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಇವತ್ತು ಅಂಗಳದ ಆ ತುದಿಯಿಂದ ಅವಳು ನೇರ ನಮ್ಮೆದುರಿಗೆ ಬಂದಳು. ಎಷ್ಟು ಎತ್ತರ ಇದ್ದಾಳೆ ಹುಡುಗಿ! ಗಲ್ಲ ಮೇಲೆತ್ತಿ, ಬಾಯಿ ಬಿಗಿ ಹಿಡಿದು, ಅಂಗಳ ಪೂರ್ತಿ ತನ್ನದೇ ಎಂಬಂತೆ. ನಾನು ಕೈ ಬೀಸಿದೆ. ಅವಳಿಗೆ ಕೆಲಸವಿತ್ತು, ನೋಡಲಿಲ್ಲ, ನಮ್ಮೆದುರೇ ದಾಟಿ ಹೋದಳು.